ಯಾವ ಪಕ್ಷಕ್ಕೂ ಸೇರದ ಪೆನ್ನು

ನಮ್ಮ ರಾಜಮಂಡ್ರಿಯ ಇನ್ನಿಸುಪೇಟೆಯಲ್ಲಿ ಎಲ್ಲಿ ಇಬ್ಬರು ಜಗಳವಾಡಿದರೂ ಮೂರನೆಯವರಾಗಿ ಚಯನುಲುಗಾರು ಹಾಜರಾಗುತ್ತಿದ್ದರು. ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅವರಿಗೆ ರಾಜಿ ಮಾಡಿಸುವ ಹುಚ್ಚು. ಇಪ್ಪತ್ತು ವರ್ಷಗಳಲ್ಲಿ ಅವರು ಕೈಹಾಕಿದ ಜಗಳಗಳು ಹದಿನಾಲ್ಕು. ಬಗೆಹರಿದದ್ದು ಒಂದು, ಅದೂ ಒಂದು ಪಕ್ಷದವರಿಗೆ ವಿಶಾಖಪಟ್ಟಣಕ್ಕೆ ವರ್ಗವಾದದ್ದರಿಂದ. ನಾನು ಅವರ ಪಕ್ಕದ ಮನೆಯವನು, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಬೀದಿಯಲ್ಲಿ ಸೈಕಲ್ಲಿದ್ದದ್ದು ನನ್ನೊಬ್ಬನ ಹತ್ತಿರ. ಹೀಗಾಗಿ ಅವರ ಸೋಲುಗಳಿಗೆಲ್ಲ ನಾನೇ ಸಾರಥಿ.

ಹದಿನೈದನೆಯ ಜಗಳ ಬೀದಿಯ ಕೊನೆಯ ಮನೆಯದು. ಅಣ್ಣ ತಾತಾರಾವು, ತಮ್ಮ ಬುಲ್ಲಬ್ಬಾಯಿ. ಬುಲ್ಲಬ್ಬಾಯಿ ಎಂದರೆ ಪುಟ್ಟ ಹುಡುಗ. ಈ ಪುಟ್ಟ ಹುಡುಗನಿಗೆ ಐವತ್ನಾಲ್ಕು ವರ್ಷ, ಎರಡು ಜೊತೆ ಕನ್ನಡಕ. ಹನ್ನೊಂದು ವರ್ಷಗಳ ಹಿಂದೆ ಪಾಲು ಮಾಡಿಕೊಂಡಾಗ ಇಬ್ಬರೂ ಹಿತ್ತಲಿನ ಬಾವಿಯನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಬಾವಿಯ ಮೇಲೆ ತೊಲೆ ಹಾಸಿ, ಅದರ ನೆತ್ತಿಯ ಮೇಲೇ ಗೋಡೆ ಎಬ್ಬಿಸಿದರು. ಆಚೆಗೊಂದು ರಾಟೆ, ಈಚೆಗೊಂದು ರಾಟೆ. ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಗಿತ್ತು. ಕೆಳಗೆ ನೀರಿನಲ್ಲಿ ಅವರ ಬಿಂದಿಗೆಗಳು ಮಾತ್ರ ದಿನಾ ಬೆಳಿಗ್ಗೆ ಒಂದಕ್ಕೊಂದು ಢಿಕ್ಕಿ ಹೊಡೆದು ಕುಶಲ ವಿಚಾರಿಸಿಕೊಳ್ಳುತ್ತಿದ್ದವು.

ಚಯನುಲುಗಾರು ನಾಲ್ಕು ತಿಂಗಳು ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಈ ಮನೆಗೆ ನಡೆದರು. ಎರಡೂ ಕಡೆ ಕಾಫಿ ಕುಡಿಯಬೇಕಾಗಿ ಬಂದು ನಿದ್ದೆ ಕಳೆದುಕೊಂಡರು. ಆದರೆ ಈ ಸಲ ದೇವರು ಕಣ್ಣು ಬಿಟ್ಟ. ಗೋಡೆ ಕೆಡವಬೇಕು, ಬಾವಿ ಇಬ್ಬರಿಗೂ ಸೇರಬೇಕು, ಸಬ್ ರಿಜಿಸ್ಟ್ರಾರ್ ಮುಂದೆ ರಾಜಿಪತ್ರಕ್ಕೆ ಸಹಿಯಾಗಬೇಕು ಎಂದು ಇಬ್ಬರೂ ಒಪ್ಪಿದರು. ತಾತಾರಾವುಗಾರ ಜಗಲಿಯ ಮೇಲೆ ಕೊನೆಯ ಮಾತುಕತೆ. ಅಣ್ಣ ಒಂದು ಕಂಬಕ್ಕೆ ಒರಗಿದ್ದ, ತಮ್ಮ ಇನ್ನೊಂದು ಕಂಬಕ್ಕೆ. ಇಬ್ಬರೂ ಚಯನುಲುಗಾರ ಮುಖ ನೋಡಿಯೇ ಮಾತಾಡುತ್ತಿದ್ದರು.

"ಸಹಿಗೆ ನನ್ನ ಪೆನ್ನಿದೆ," ಅಂದ ತಾತಾರಾವು.

"ಚಯನುಲುಗಾರೂ, ನನ್ನ ಮೇಲೆ ಮುನಿಸಿಪಾಲ್ಟಿಗೆ ಅರ್ಜಿ ಬರೆದದ್ದು ಅದೇ ಪೆನ್ನು ಅಂತ ಹೇಳಿ ಆ ಮನುಷ್ಯನಿಗೆ. ನಾನದನ್ನ ಮುಟ್ಟೋಲ್ಲ. ನನ್ನದೇ ತರ್ತೀನಿ."

"ಅವನ ಪೆನ್ನಿಗೆ ಅವನ ಮಾವ ಮಂತ್ರಿಸಿದ ಕುಂಕುಮ ಹಚ್ಚಿದಾನೆ ಅಂತ ಹೇಳಿ."

"ರಿಜಿಸ್ಟ್ರಾರ್ ಆಫೀಸಿನ ಪೆನ್ನೇ ಆಗಲಿ ಬಿಡಿ," ಅಂದರು ಚಯನುಲುಗಾರು.

"ಆ ಆಫೀಸಿನ ಗುಮಾಸ್ತ ಅವನ ಹೆಂಡತಿಗೆ ಚಿಕ್ಕಮ್ಮನ ಮಗ," ಅಂದ ತಾತಾರಾವು.

"ಅಂಗಡಿಯಿಂದ ಹೊಸದು ತರೋಣ."

"ಯಾವ ಅಂಗಡಿ? ಊರಿನ ಅರ್ಧ ಅಂಗಡಿಯವರು ಅವನ ಜೊತೆ ಇಸ್ಪೀಟಾಡ್ತಾರೆ," ಅಂದ ಬುಲ್ಲಬ್ಬಾಯಿ.

ನಾಲ್ಕು ತಿಂಗಳ ಕಾಫಿ ನೀರಿನಲ್ಲಿ ಹೋಮವಾಗುವುದನ್ನು ಚಯನುಲುಗಾರು ಕಣ್ಣಾರೆ ಕಂಡರು. ಅಂಥ ಹೊತ್ತಿನಲ್ಲಿ ಮನುಷ್ಯನ ನಾಲಗೆ ಅವನ ಕೈಯನ್ನು ಕೇಳಿ ಮಾತಾಡುವುದಿಲ್ಲ.

"ಹಾಗಾದ್ರೆ ನಾನೇ ಮಾಡ್ತೀನಿ ಪೆನ್ನು. ನನ್ನ ಕೈಯಾರೆ. ಯಾರ ಪಕ್ಷಕ್ಕೂ ಸೇರದ, ಒಂದಕ್ಷರವನ್ನೂ ಬರೆಯದ ಪೆನ್ನು. ಅದರಲ್ಲಿ ಹಾಕ್ತೀರಾ ಸಹಿ?"

ಎರಡು ಕಂಬಗಳೂ ಯೋಚಿಸಿದವು. ಒಪ್ಪಿದವು.

ನಮ್ಮೂರಿನಲ್ಲಿ ಕೈಯಿಂದ ಪೆನ್ನು ಮಾಡುವುದು ಹೊಸ ಸಂಗತಿಯೇನಲ್ಲ. ಆದರೆ ಅದನ್ನು ಇಲ್ಲಿಯವರೆಗೆ ಮಾಡಬಲ್ಲವರು ಮಾಡುತ್ತಿದ್ದರು. ಚಯನುಲುಗಾರು ಮನೆಯಲ್ಲಿ ಗೋಡೆಗೊಂದು ಮೊಳೆ ಹೊಡೆದರೆ ಹೆಬ್ಬೆರಳಿಗೆ ಹದಿನೈದು ದಿನ ರಜೆ.

ಕೋಟಗುಮ್ಮದ, ಅಂದರೆ ಹಳೇ ಕೋಟೆಬಾಗಿಲಿನ, ಹಿಂದಿನ ಓಣಿಯಲ್ಲಿ ಬ್ರಹ್ಮಾಜಿ ಎಂಬ ಮುದುಕ ನಲವತ್ತು ವರ್ಷಗಳಿಂದ ಪೆನ್ನು ಕಡೆಯುತ್ತಿದ್ದ. ಅವನು ಇವರ ಮಾತನ್ನು ಪೂರ್ತಿ ಕೇಳಿಸಿಕೊಂಡ. ಓದುಬರಹ ಬಲ್ಲವರೆಲ್ಲ ಅವನಿಗೆ ಪಂತುಲುಗಳೇ. "ಪಂತುಲುಗಾರೂ, ನಾನೇ ಒಂದು ಮಾಡಿಕೊಡ್ತೀನಿ, ನೀವೇ ಮಾಡಿದ್ದು ಅಂತ ಹೇಳ್ಕೊಳ್ಳಿ. ನನಗೇನೂ ಬೇಜಾರಿಲ್ಲ," ಎಂದ.

"ಸುಳ್ಳಿನ ಪೆನ್ನಿನಲ್ಲಿ ರಾಜಿ ನಿಲ್ಲೋಲ್ಲ, ಬ್ರಹ್ಮಾಜೀ," ಎಂದರು ಚಯನುಲುಗಾರು, ಪುರಾಣ ಹೇಳುವವರ ದನಿಯಲ್ಲಿ. "ಅಷ್ಟಕ್ಕೂ ಇದರಲ್ಲಿ ಅಂಥದ್ದೇನಿದೆ. ಒಂದು ಕಡ್ಡಿ, ಅದರಲ್ಲೊಂದು ತೂತು."

ಬ್ರಹ್ಮಾಜಿ ನಗಲಿಲ್ಲ. ಅಟ್ಟದಿಂದ ತನ್ನ ತಂದೆಯ ಕಾಲದ ಕೈಲೇತನ್ನು ಇಳಿಸಿಕೊಟ್ಟ. ಜೊತೆಗೆ ಎರಡು ಉಳಿ, ತಿರುಪಿನ ಗೆರೆ ಕೊರೆಯುವ ಹಲ್ಲಿನ ಉಳಿ ಒಂದು, ಎಂಟು ಎಬೊನೈಟ್ ಕಡ್ಡಿ. ಗಟ್ಟಿ ಮಾಡಿದ ಕರೀ ರಬ್ಬರಿನ ಕಡ್ಡಿಗಳು ಅವು. "ಒಂದು ಪೆನ್ನಿಗೆ ಎರಡು ಸಾಕು. ನಿಮಗೆ ಎಂಟಿರಲಿ," ಎಂದಷ್ಟೇ ಹೇಳಿದ.

ಲೇತು ಹಿತ್ತಲಿನಲ್ಲಿ ಪಾರಿಜಾತದ ಗಿಡದ ಕೆಳಗೆ ಸ್ಥಾಪಿತವಾಯಿತು. ಒಬ್ಬರು ದೊಡ್ಡ ಚಕ್ರ ತಿರುಗಿಸಬೇಕು, ಹಗ್ಗದಿಂದ ಕಡ್ಡಿ ಗಿರಗಿರ ತಿರುಗುತ್ತದೆ, ಇನ್ನೊಬ್ಬರು ಉಳಿ ಹಿಡಿಯಬೇಕು. ಚಕ್ರಕ್ಕೆ ಕೂತವರು ಅವರ ಹೆಂಡತಿ ಭ್ರಮರಾಂಬಗಾರು.

"ಮೂವತ್ತು ವರ್ಷದಿಂದ ನೀವು ತಿರುಗಿಸಿದ ಹಾಗೆ ತಿರುಗ್ತಾ ಬಂದೆ. ಈಗ ನಾನೇ ತಿರುಗಿಸೋ ಯೋಗ ಬಂತು," ಎಂದು ಆಕೆ ಸೆರಗು ಸಿಕ್ಕಿಸಿದರು.

"ನಿಧಾನ, ಭ್ರಮರಾಂಬಾ. ಇದು ದೋಸೆ ಹಿಟ್ಟು ರುಬ್ಬೋ ಕೆಲಸ ಅಲ್ಲ."

"ಅದನ್ನಾದ್ರೆ ತಿನ್ನಬಹುದಿತ್ತು."

ಮೊದಲ ಕಡ್ಡಿ ನಡುವಿಗೆ ಮುರಿಯಿತು. ಎರಡನೆಯದು ಚದುರಂಗದ ಮಂತ್ರಿಯಂತಾಯಿತು. ಮೂರನೆಯದರಲ್ಲಿ ತೂತು ಒಂದು ಕಡೆಯಿಂದ ಹೊರಟು ಪಕ್ಕದಿಂದ ಹೊರಬಂತು. ಅದನ್ನು ಕೊಳಲೆಂದು ಬಗೆದು ನಾನೇ ಊದಿ ನೋಡಿದೆ. ನಾಲ್ಕನೆಯದನ್ನು ಭ್ರಮರಾಂಬಗಾರು ಕಡಗೋಲಿಗೆ ಹಿಡಿಯಾಗಿ ಸೇರಿಸಿಕೊಂಡರು. ಐದನೆಯದೂ ಆರನೆಯದೂ ಬರೀ ಪುಡಿಯಾಗಿ ಉದುರಿದವು. ಎಬೊನೈಟ್ ಕಡೆದರೆ ಗಂಧಕದ ನಾತ. ಓಣಿಯವರೆಲ್ಲ ತಮ್ಮ ತಮ್ಮ ಅಡಿಗೆಮನೆಗೆ ಓಡಿ ಏನು ಸೀದುಹೋಯಿತೆಂದು ನೋಡಿಬರುತ್ತಿದ್ದರು. ಎದುರು ಮನೆಯ ಮುದುಕಿ, "ಚಯನುಲು ರಸವಿದ್ಯೆ ಕಲಿತಿದಾನಂತೆ. ಚಿನ್ನ ಮಾಡ್ತಿದಾನೆ," ಎಂದು ಸುದ್ದಿ ಹಬ್ಬಿಸಿದಳು. ಇಬ್ಬರು ತಾಮ್ರದ ಚೊಂಬು ತಂದು ಬಾಗಿಲಲ್ಲಿ ನಿಂತರು.

ಚಯನುಲುಗಾರು ಹುಟ್ಟು ಎಡಚರು. ಬಾಲ್ಯದಲ್ಲಿ ಶಾಲೆಯ ಅಯ್ಯಗಾರು ಬೆತ್ತದಿಂದ ಬರವಣಿಗೆಯನ್ನಷ್ಟೇ ಬಲಗೈಗೆ ದಾಟಿಸಿದ್ದರು. ಮಿಕ್ಕ ಕೆಲಸಗಳೆಲ್ಲ ಎಡಗೈಯಲ್ಲೇ ಉಳಿದಿದ್ದವು. ಉಳಿಯನ್ನೂ ಅವರು ಎಡಗೈಯಲ್ಲೇ ಹಿಡಿದರು, ಎಡದಿಂದ ಬಲಕ್ಕೇ ನಡೆಸಿದರು. ಆರನೆಯ ವಾರದಲ್ಲಿ ಕೊನೆಯ ಎರಡು ಕಡ್ಡಿಗಳಿಂದ ಒಂದು ಪೆನ್ನು ಹೊರಬಂತು. ಸ್ವಲ್ಪ ಬಸುರಿ ಬೆಕ್ಕಿನ ಆಕಾರ, ನಿಜ. ಆದರೆ ಮುಚ್ಚಳ ಕೂತಿತು, ನಿಬ್ಬು ಕೂತಿತು, ಕೊಳವೆಗೆ ಇಂಕು ತುಂಬಿದರೆ ಸೋರಲಿಲ್ಲ. ಬೂದಿ, ಕೊಬ್ಬರಿ ಎಣ್ಣೆ ಹಾಕಿ ಎರಡು ದಿನ ತಿಕ್ಕಿದ ಮೇಲೆ ಅದರಲ್ಲಿ ಮುಖ ಕಾಣಿಸುತ್ತಿತ್ತು. ಚಯನುಲುಗಾರು ಅದನ್ನು ದಿನಕ್ಕೆ ನೂರು ಸಲ ತೆರೆದು ಮುಚ್ಚಿದರು. ಬ್ರಹ್ಮಾಜಿಗೆ ತೋರಿಸೋಣವೇ ಎಂದು ನಾನು ಕೇಳಿದೆ.

"ಸಹಿ ಆಗಲಿ, ಆಮೇಲೆ. ಪಾಪ, ಮುದುಕನ ಹೊಟ್ಟೆ ಯಾಕೆ ಉರಿಸ್ಬೇಕು," ಎಂದರು.

ಸಹಿಗೆ ಮುಹೂರ್ತ ಶುಕ್ರವಾರ ಹತ್ತು ನಲವತ್ತು. ಹನ್ನೊಂದೂಕಾಲಕ್ಕೆ ವರ್ಜ್ಯದ ಕೆಟ್ಟ ಗಳಿಗೆ ಬರುತ್ತದೆ, ಅದರೊಳಗೆ ಮುಗಿಯದಿದ್ದರೆ ತಾನು ಮಾತಿನಿಂದ ಬಿಡುಗಡೆ ಎಂದು ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದರು. ಸಬ್ ರಿಜಿಸ್ಟ್ರಾರ್ ಜೋಗಾರಾವುಗಾರು ದಪ್ಪ ಮೀಸೆಯ, ದಣಿದ ಮನುಷ್ಯ. ಅವರ ಮುಂದೆ ಚಯನುಲುಗಾರು ರೇಷ್ಮೆ ಬಟ್ಟೆ ಬಿಚ್ಚಿ, ಪೆನ್ನನ್ನು ಎರಡೂ ಕೈಯಲ್ಲಿ ತಾತಾರಾವಿಗೆ ಒಪ್ಪಿಸಿದರು.

ತಾತಾರಾವು ಮುಚ್ಚಳ ತಿರುಗಿಸಿದ. ಬರಲಿಲ್ಲ. ಇನ್ನಷ್ಟು ಬಲವಾಗಿ ತಿರುಗಿಸಿದ. ಕತ್ತಿನ ನರ ಉಬ್ಬಿದವು.

"ಪಾಪ, ವಯಸ್ಸಾಯ್ತು ಅಂತ ಹೇಳಿ ಅವನಿಗೆ," ಅಂದ ಬುಲ್ಲಬ್ಬಾಯಿ, ಕಿಟಕಿಯ ಕಡೆ ನೋಡುತ್ತಾ. ಪೆನ್ನು ತೆಗೆದುಕೊಂಡು ತಾನು ತಿರುಗಿಸಿದ. ಅವನ ಮುಖ ಕುಂಬಳಕಾಯಿಯ ಬಣ್ಣದಿಂದ ಬದನೆಕಾಯಿಯ ಬಣ್ಣಕ್ಕೆ ತಿರುಗಿತು, ಮುಚ್ಚಳ ತಿರುಗಲಿಲ್ಲ.

"ಇತ್ತ ಕೊಡ್ರೀ," ಎಂದರು ಜೋಗಾರಾವು. ಅವರದೂ ಆಯಿತು. ಜವಾನ ವಸ್ತ್ರ ಸುತ್ತಿ ತಿರುಗಿಸಿದ. ದಸ್ತಾವೇಜು ಬರೆಯುವವನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ತಿರುಗಿಸಿದ. ಸಾಕ್ಷಿ ಹಾಕಲು ಬಂದಿದ್ದ ಬೆಲ್ಲದ ಮಂಡಿಯ ಹಮಾಲಿ, ಎರಡು ಮೂಟೆ ಒಟ್ಟಿಗೆ ಹೊರುವವನು, ಹಲ್ಲಿನಲ್ಲಿ ಕಚ್ಚಿ ತಿರುಗಿಸಿದ. ಕೊನೆಗೆ ಪೆನ್ನು ಅದನ್ನು ಮಾಡಿದವರ ಕೈಗೇ ಬಂತು. ಬೆಳಿಗ್ಗೆ ಏಳು ಗಂಟೆಗೆ ಕಿರುಬೆರಳಿಗೆ ಬಗ್ಗಿದ್ದ ಪೆನ್ನು ಈಗ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

"ಮನೇಲಿ ಚೆನ್ನಾಗಿತ್ತು," ಎಂದರು ಚಯನುಲುಗಾರು. ಹೊಸ ಸೊಸೆಯ ಬಗ್ಗೆ ಹೇಳುವ ದನಿ.

"ಅಂಟು ಹಾಕ್ಸಿದಾನೆ," ಅಂದ ಬುಲ್ಲಬ್ಬಾಯಿ. "ಅವನಿಗೆ ಸಹಿ ಹಾಕೋ ಮನಸ್ಸಿಲ್ಲ. ಚಯನುಲುಗಾರನ್ನ ಒಳಗೆ ಹಾಕ್ಕೊಂಡಿದಾನೆ."

"ಒಳಗೆ ಹಾಕ್ಕೊಳ್ಳೋಕೆ ನಾಲ್ಕು ತಿಂಗಳು ಫಿಲ್ಟರ್ ಕಾಫಿ ಕುಡಿಸಿದವನು ಅವನು. ನಮ್ಮನೇಲಿ ಬರೀ ಚಿಕೋರಿ," ಅಂದ ತಾತಾರಾವು.

ಜೋಗಾರಾವು ಗಡಿಯಾರ ನೋಡಿದರು. "ಇನ್ನು ಇಪ್ಪತ್ತೈದು ನಿಮಿಷ ಇದೆ. ಪೆನ್ನು ಮಾಡೋವ್ನ ಹತ್ರ ಹೋಗಿ ತೆಗೆಸ್ಕೊಂಡು ಬನ್ನಿ. ನಾನು ಎಲ್ಲೂ ಹೋಗೋಲ್ಲ, ಪೆಸರಟ್ಟು ದೋಸೆ ತರಿಸಿದೀನಿ."

ಪೆನ್ನು ಯಾರು ಒಯ್ಯಬೇಕು? ತಮ್ಮ ಒಯ್ದರೆ ಬದಲಾಯಿಸುತ್ತಾನೆ ಎಂದು ಅಣ್ಣ, ಅಣ್ಣ ಒಯ್ದರೆ ಗೋದಾವರಿಗೆ ಎಸೆಯುತ್ತಾನೆ ಎಂದು ತಮ್ಮ. ಚಯನುಲುಗಾರ ಮೇಲೆ ಇಬ್ಬರಿಗೂ ನಂಬಿಕೆ ಹೋಗಿತ್ತು. ಕೊನೆಗೆ ಅಣ್ಣ ಮುಚ್ಚಳದ ತುದಿ ಹಿಡಿದ, ತಮ್ಮ ಬುಡದ ತುದಿ ಹಿಡಿದ. ಹೊರಗೆ ನಿಂತಿದ್ದದ್ದು ಒಂದೇ ರಿಕ್ಷಾ, ಅಪ್ಪಲಸ್ವಾಮಿಯದು. ಇಬ್ಬರೂ ಅದರಲ್ಲಿ ಕೂತರು, ನಡುವೆ ಪೆನ್ನು. ಹಿಂದೆ ನನ್ನ ಸೈಕಲ್ಲು, ಅದರ ಕ್ಯಾರಿಯರಿನ ಮೇಲೆ ಚಯನುಲುಗಾರು, ಎಲ್ಲ ದೇವರುಗಳ ಹೆಸರು ಹೇಳುತ್ತಾ.

"ಏ ಅಪ್ಪಲಸ್ವಾಮೀ, ಮೊಣಕೈ ತೆಗೆ ಅಂತ ಹೇಳೋ ಅವನಿಗೆ," ಅಂದ ತಾತಾರಾವು.

"ತನ್ನ ಹೊಟ್ಟೆ ಒಳಗೆಳ್ಕೊಂಡ್ರೆ ಮೊಣಕೈ ತಾನೇ ಬರುತ್ತೆ ಅಂತ ಹೇಳೋ," ಅಂದ ಬುಲ್ಲಬ್ಬಾಯಿ.

"ಅಯ್ಯಗಳೇ," ಅಂದ ಅಪ್ಪಲಸ್ವಾಮಿ, ತಿರುಗಿ ನೋಡದೆ, "ಪೆಡಲ್ ತುಳೀಲೋ, ಟಪಾಲು ಮುಟ್ಟಿಸ್ಲೋ? ಎರಡಕ್ಕೂ ಬಾಡಿಗೆ ಬೇರೆ ಬೇರೆ."

ಮೇನ್ ರೋಡಿಗೆ ಬಂದ ಮೇಲೆ ನಡೆದದ್ದಕ್ಕೆ ಯಾರೂ ಹೊಣೆಯಲ್ಲ. ದೂರದಿಂದ ನೋಡಿದವರಿಗೆ ಪೆನ್ನು ಕಾಣುವುದಿಲ್ಲ. ಹನ್ನೊಂದು ವರ್ಷ ಒಬ್ಬರ ನೆರಳು ಒಬ್ಬರು ತುಳಿಯದಿದ್ದ ಅಣ್ಣತಮ್ಮಂದಿರು ಒಂದೇ ರಿಕ್ಷಾದಲ್ಲಿ ಕೈಕೈ ಹಿಡಿದು ಹೋಗುವುದು ಕಾಣುತ್ತದೆ. ಬಟ್ಟೆ ಅಂಗಡಿಯವರು ಹೊರಗೆ ಬಂದು ಕೈಮುಗಿದರು. ವೈದ್ಯಶಾಲೆಯ ಪಂಡಿತರು ರೋಗಿಯ ನಾಡಿ ಬಿಟ್ಟು ಎದ್ದು ನಿಂತರು. "ನಿಮ್ಮಪ್ಪ ಸ್ವರ್ಗದಲ್ಲಿ ನಗ್ತಿದಾನೆ ಕಣ್ರೋ," ಎಂದು ಹೂವಿನ ಅಂಗಡಿಯ ಅಜ್ಜಿ ಕಣ್ಣೊರೆಸಿಕೊಂಡಳು. ಮಿಠಾಯಿ ಅಂಗಡಿಯ ಯಜಮಾನ ತಟ್ಟೆ ಹಿಡಿದು ರಿಕ್ಷಾದ ಜೊತೆಗೇ ಓಡಿಬಂದು ಇಬ್ಬರ ಬಾಯಿಗೂ ಒಂದೊಂದು ಪೂತರೇಕು ತುರುಕಿದ. ತೆಳ್ಳನೆ ಹಾಳೆಯ ಆ ಸಿಹಿ ಬಾಯಿ ತುಂಬಿದ ಮೇಲೆ ಇಲ್ಲವೆನ್ನಲು ಯಾರಿಗೂ ಆಗುವುದಿಲ್ಲ. ತಾತಾರಾವು ಏನೋ ಹೇಳಹೊರಟ. ಬಾಯಿಯಿಂದ ಬರೀ ಸಕ್ಕರೆಪುಡಿ ಹಾರಿತು. ಅದನ್ನು ಜನ ಆನಂದವೆಂದು ತಿಳಿದರು.

ಇಷ್ಟರಲ್ಲೂ ಅಣ್ಣ ತಮ್ಮ ಇಬ್ಬರೂ, ಮತ್ತೊಬ್ಬನಿಗೆ ತಿಳಿಯದಂತೆ, ತಮ್ಮ ತಮ್ಮ ತುದಿಯನ್ನು ತಿರುಗಿಸುತ್ತಲೇ ಇದ್ದರು. ತೆರೆದ ಕೀರ್ತಿ ತನಗೇ ಬರಲಿ ಎಂದು. ಪೆನ್ನು ಮತ್ತಷ್ಟು ಬಿಗಿಯುತ್ತಾ ಹೋಯಿತು.

ಕೋಟಗುಮ್ಮದ ತಿರುವಿನಲ್ಲಿ ನಲ್ಲಿ ಪೈಪಿಗೆಂದು ಅಗೆದ ಹಳ್ಳ. ಅಪ್ಪಲಸ್ವಾಮಿ ಅದನ್ನು ಕಾಣದವನೇನಲ್ಲ, ಆದರೆ ಕೈಮುಗಿಯುತ್ತಿದ್ದ ಜನಕ್ಕೆ ಅವನೂ ಆಗ ತಿರುಗಿ ಕೈಮುಗಿಯುತ್ತಿದ್ದ. ಚಕ್ರ ಹಳ್ಳಕ್ಕಿಳಿಯಿತು. ಅಣ್ಣ ಮುಂದಕ್ಕೆ, ತಮ್ಮ ಹಿಂದಕ್ಕೆ. ಇಬ್ಬರೂ ಪೆನ್ನು ಬಿಡಲಿಲ್ಲ. ಇಬ್ಬರ ಮಣಿಕಟ್ಟುಗಳೂ, ಜನ್ಮದಲ್ಲಿ ಮೊದಲ ಸಲ, ತಪ್ಪು ದಿಕ್ಕಿಗೆ ಹೊರಳಿದವು.

ಟಕ್ ಎಂದಿತು. ಮುಚ್ಚಳ ನಿಬ್ಬಿನ ಸಮೇತ ಅಣ್ಣನ ಕೈಗೆ, ಕೊಳವೆ ತಮ್ಮನ ಕೈಗೆ. ಅರ್ಧ ಗಂಟೆಯಿಂದ ಹತ್ತಾರು ಬಿಸಿ ಅಂಗೈಗಳಲ್ಲಿ ಕುದ್ದಿದ್ದ ನೀಲಿ ಇಂಕು ಎರಡಕ್ಕೂ ನಡುವಿನಿಂದ ಎದ್ದು ಇಬ್ಬರ ಮುಖಕ್ಕೂ ಸಮಪಾಲಾಗಿ ಬಿತ್ತು. ಅವರ ಮನೆತನದಲ್ಲಿ ತಕರಾರಿಲ್ಲದೆ ನಡೆದ ಪಾಲು ಅದೊಂದೇ.

ಬುಲ್ಲಬ್ಬಾಯಿ ಕನ್ನಡಕ ತೆಗೆದು ಅಣ್ಣನನ್ನು ನೋಡಿದ.

"ಅಣ್ಣಯ್ಯಾ," ಅಂದ. "ಸ್ಕೂಲ್ ನಾಟಕದಲ್ಲಿ ಕೃಷ್ಣ ಆಗಿದ್ದಾಗ ಹೀಗೇ ಇದ್ದೆ ನೀನು."

ತಾತಾರಾವು ಬಾಯೊರೆಸಿಕೊಂಡ. ಮತ್ತಷ್ಟು ನೀಲಿಯಾದ. "ನಿನಗೆ ನೆನಪಿದೆಯೇನೋ?"

"ಯಾಕಿಲ್ಲ. ನಾನು ಹಸು ಆಗಿದ್ದೆ."

"ಹಸು ಅಲ್ಲ. ಕರು. ಹಸುವಿನ ಪಾರ್ಟಿಗೆ ನಿನ್ನ ತಗೊಳ್ಳಲಿಲ್ಲ, ಬೊಂಬೆ ಹಾಗೆ ನಿಂತ್ಕೋತೀಯ ಅಂತ."

"ಹಸುವೇ. ಕೊರಳಲ್ಲಿ ಗಂಟೆ ಇತ್ತು."

"ಕರುವಿಗೂ ಗಂಟೆ ಕಟ್ತಾರೆ ಕಣೋ. ಆ ಗಂಟೆ ತಂದುಕೊಟ್ಟವನು ನಾನು."

"ಅಪ್ಪಲಸ್ವಾಮೀ, ನೀನೇ ಹೇಳು," ಎಂದು ಬುಲ್ಲಬ್ಬಾಯಿ ಹಳೇ ಅಭ್ಯಾಸದಂತೆ ಶುರುಮಾಡಿದ.

"ನನ್ನನ್ಯಾಕೆ ಎಳೀತೀರಾ ಅಯ್ಯಾ," ಅಂದ ಅಪ್ಪಲಸ್ವಾಮಿ. "ಇಷ್ಟು ಹೊತ್ತು ನೇರವಾಗೇ ಬೈದಾಡ್ಕೋತಿದ್ರಲ್ಲ, ಚೆನ್ನಾಗಿತ್ತು."

ಆಗ ಇಬ್ಬರಿಗೂ ಅರಿವಾಯಿತು. ಮೊದಲು ನಕ್ಕವನು ಯಾರೆಂಬ ವಿಷಯದಲ್ಲಿ ಇವತ್ತಿಗೂ ಆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ನಾನು ನೋಡಿದ್ದು, ರಿಕ್ಷಾದಲ್ಲಿ ಇಬ್ಬರು ನೀಲಿ ಮುದುಕರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಕೆಮ್ಮುವಂತೆ ನಗುತ್ತಿದ್ದದ್ದು. ಹಿಂದೆ ಚಯನುಲುಗಾರು ನನ್ನ ಕ್ಯಾರಿಯರಿನಿಂದ ಇಳಿದು, ರಸ್ತೆಯ ಮೇಲೆ ಕೂತು, ಅಣ್ಣನ ಕೈಯಿಂದ ಬಿದ್ದ ಮುಚ್ಚಳವೆತ್ತಿ ನಿಬ್ಬು ಡೊಂಕಾಗಿದೆಯೋ ಏನೋ ಎಂದು ನೋಡುತ್ತಿದ್ದರು.

ಇಪ್ಪತ್ತು ಹೆಜ್ಜೆಯ ಆಚೆಗೇ ಬ್ರಹ್ಮಾಜಿಯ ಅಂಗಡಿ. ಗದ್ದಲ ಕೇಳಿ ಅವನೇ ಹೊರಬಂದ. ಎರಡು ತುಂಡುಗಳನ್ನೂ ಕಣ್ಣ ಹತ್ತಿರ ಹಿಡಿದ. ಒಂದು ಸಲ ತಿರುಗಿಸಿದ, ಇನ್ನೊಂದು ಸಲ ತಿರುಗಿಸಿದ.

"ಪಂತುಲುಗಾರೂ, ಉಳಿ ಯಾವ ಕೈಲಿ ಹಿಡಿದ್ರಿ?"

ಚಯನುಲುಗಾರು ಎಡಗೈ ಎತ್ತಿ ತೋರಿಸಿದರು, ತಪ್ಪು ಮಾಡಿದ ವಿದ್ಯಾರ್ಥಿಯಂತೆ.

"ತಿರುಪಿನ ಗೆರೆ ಪೂರಾ ಹಿಂದುಮುಂದಾಗಿದೆ. ಲೋಕವೆಲ್ಲ ತೆಗೆಯೋ ಕಡೆಗೆ ತಿರುಗಿಸಿದ್ರೆ ಇದು ಮುಚ್ಚಿಕೊಳ್ಳುತ್ತೆ. ಎಷ್ಟು ಜನ ತಿರುಗಿಸಿದ್ರು?"

"ಒಬ್ಬ ಹಮಾಲಿ ಸೇರಿ ಆರು ಜನ."

"ಮತ್ತೆ ನಿಮಗೆ ಮನೇಲಿ ಗೊತ್ತಾಗಲಿಲ್ವೇ?"

"ನನಗೆ ಯಾವ ಮುಚ್ಚಳವೂ ಮೊದಲನೇ ಸಲಕ್ಕೆ ಬಂದದ್ದಿಲ್ಲ ಬ್ರಹ್ಮಾಜೀ. ಯಾವ ಕಡೆ ತಿರುಗುತ್ತೋ ಅದೇ ಸರಿ ಅಂತ ನಾನು ಬಿಟ್ಟುಬಿಟ್ಟಿದೀನಿ."

ಬ್ರಹ್ಮಾಜಿ ಆಗ ನಕ್ಕ. ಆರು ವಾರಗಳಿಂದ ಕೂಡಿಟ್ಟುಕೊಂಡಿದ್ದ ನಗು ಅದು. ನಕ್ಕು ಮುಗಿಸಿ, ಪೆನ್ನನ್ನು ತೊಳೆದು, ಎರಡೂ ಕೈಯಲ್ಲಿ ವಾಪಸು ಕೊಟ್ಟ. "ಆದ್ರೆ ಗೆರೆ ಎಷ್ಟು ಹದವಾಗಿ ಬಂದಿದೆ ಅಂದ್ರೆ, ಬೇಕು ಅಂದ್ರೂ ನನ್ನ ಕೈಯಿಂದ ಹೀಗೆ ಬರೋಲ್ಲ," ಎಂದ. ಅವನು ತಮಾಷೆಗೆ ಹೇಳಿದನೋ, ನಿಜಕ್ಕೂ ಹೇಳಿದನೋ, ನನಗೆ ತಿಳಿಯಲಿಲ್ಲ. ಚಯನುಲುಗಾರ ಕಿವಿ ಮಾತ್ರ ಕೆಂಪಾಯಿತು.

ವರ್ಜ್ಯ ಬಂತು, ಹೋಯಿತು. ರಾಜಿಪತ್ರಕ್ಕೆ ಸಹಿಯಾಗಲಿಲ್ಲ, ಅದರ ನೆನಪೂ ಯಾರಿಗೂ ಬರಲಿಲ್ಲ. ಅಣ್ಣತಮ್ಮಂದಿರು ಇಂಕು ತೊಳೆದುಕೊಳ್ಳಲು ನೇರವಾಗಿ ಮನೆಗೆ ಹೋದರು. ಕಿವಿಯ ಹಿಂದೆ ಉಜ್ಜುವವರು ಬೇಕಾಯಿತು, ನಡುವೆ ಗೋಡೆ ಇತ್ತು. ಸಂಜೆಯೊಳಗೆ ಗೋಡೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿಯಾಗಿತ್ತು, ಭಾನುವಾರದೊಳಗೆ ಗೋಡೆಯೇ ಇರಲಿಲ್ಲ. ಹಸುವೋ ಕರುವೋ ಎಂಬ ವ್ಯಾಜ್ಯ ಮಾತ್ರ ನಡೆದೇ ಇತ್ತು. ಚಯನುಲುಗಾರು ಅದರಲ್ಲಿ ಮಧ್ಯಸ್ಥಿಕೆಗೆ ಹೋದರು. ಇಬ್ಬರೂ ಒಟ್ಟಿಗೆ ಅವರನ್ನು ಹೊರಗೆ ಕಳಿಸಿದರು.

ಮುಂದಿನ ವಾರ ಜೋಗಾರಾವುಗಾರು ಹೇಳಿಕಳಿಸಿದರು. ದಂಡ ಗಿಂಡ ಹಾಕುತ್ತಾರೇನೋ ಎಂದು ಚಯನುಲುಗಾರು ಒಗೆದ ಪಂಚೆ ಉಟ್ಟು ಹೊರಟರು. ಜೋಗಾರಾವು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ನನಗೂ ಒಂದು ಪೆನ್ನು ಬೇಕು, ಚಯನುಲುಗಾರೂ. ಈ ಆಫೀಸಿಗೆ ಬರೋರೆಲ್ಲ 'ಸ್ವಲ್ಪ ಪೆನ್ನು ಕೊಡಿ ಸಾರ್' ಅಂತಾರೆ. ಹೋಗುವಾಗ ಜೇಬಿಗಿಟ್ಕೊಂಡು ಹೋಗ್ತಾರೆ. ಈ ವರ್ಷ ಹದಿನೇಳು ಹೋಯ್ತು. ನನ್ನ ಹೆಂಡತಿ ನನಗೆ ಈಗ ಪೆನ್ಸಿಲ್ ಕೊಟ್ಟು ಕಳಿಸ್ತಾಳೆ."

ಚಯನುಲುಗಾರು ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಜೀವನದಲ್ಲಿ ಮೊದಲ ಬಾರಿ ಅವರ ಕೈಕೆಲಸಕ್ಕೆ ಗಿರಾಕಿ ಬಂದಿದ್ದ. ಮೂರು ತಿಂಗಳು ದಿನಾ ಸಂಜೆ ಬ್ರಹ್ಮಾಜಿಯ ಕಾಲ ಬಳಿ ಕೂತು, ಎಡಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು, ಬಲಗೈಯಲ್ಲಿ ಉಳಿ ಹಿಡಿಯಲು ಕಲಿತರು. ಭ್ರಮರಾಂಬಗಾರಿಗೆ ಚಕ್ರದಿಂದ ಬಿಡುಗಡೆ ಸಿಕ್ಕಿತು. ಸಂಕ್ರಾಂತಿಯ ಹೊತ್ತಿಗೆ ಹೊಸ ಪೆನ್ನು ಸಿದ್ಧವಾಯಿತು. ನೇರ ನಡು, ಸರಿಯಾದ ಹೊಳಪು. ನನ್ನ ಸೈಕಲ್ಲಿನ ಮೇಲೆ ಅದನ್ನು ಒಯ್ದು ಜೋಗಾರಾವುಗಾರ ಮೇಜಿನ ಮೇಲಿಟ್ಟೆವು.

ಜೋಗಾರಾವು ಮೀಸೆ ತೀಡಿಕೊಂಡು ಮುಚ್ಚಳ ತಿರುಗಿಸಿದರು. ಸುಯ್ಯೆಂದು ಬಂದುಬಿಟ್ಟಿತು. ಅವರ ಮುಖ ಇಳಿದುಹೋಯಿತು.

"ತೆಗೆದ್ರೆ ಬರುತ್ತಲ್ರೀ ಇದು."

"ಹೌದು ಸಾರ್," ಎಂದರು ಚಯನುಲುಗಾರು, ಎದೆಯುಬ್ಬಿಸಿ. "ಈ ಸಲ ಸರಿಯಾಗಿ ಮಾಡಿದೀನಿ."

"ನನಗೆ ಬೇಕಾಗಿದ್ದದ್ದು ಅದಲ್ಲ. ಯಾರ ಕೈಲೂ ತೆಗೆಯೋಕಾಗದ್ದು. ಆ ಹಳೇದರ ಥರ."

"ಅದು ತಪ್ಪಾಗಿತ್ತು ಸಾರ್. ಈಗ ನನಗೆ ಹಾಗೆ ಮಾಡೋಕೆ ಬರೋಲ್ಲ. ಕಲಿತುಬಿಟ್ಟೆ."

ಜೋಗಾರಾವು ದೀರ್ಘವಾಗಿ ಉಸಿರು ಬಿಟ್ಟು, ಪೆನ್ನನ್ನು ಮೇಜಿನ ಅಂಚಿಗಿಟ್ಟರು. ನಾವು ನಮಸ್ಕಾರ ಹೇಳಿ ಹೊರಟೆವು. ಬಾಗಿಲಲ್ಲಿ ಯಾರೋ ಒಬ್ಬ ರೈತ, ತೋಳಿನಲ್ಲಿ ಕಾಗದದ ಸುರುಳಿ, "ಸ್ವಲ್ಪ ಪೆನ್ನು ಕೊಡಿ ಸಾರ್," ಎನ್ನುತ್ತಾ ನಮ್ಮನ್ನು ದಾಟಿ ಒಳಗೆ ಹೋದ.

ನಾನು ಸೈಕಲ್ಲಿನ ಬೀಗ ತೆಗೆಯುತ್ತಿದ್ದಾಗ ಅದೇ ರೈತ ಮೆಟ್ಟಿಲಿಳಿದು ಬಂದ. ಅಂಗಿಯ ಜೇಬಿನಲ್ಲಿ ಕಪ್ಪಗೆ ಹೊಳೆಯುವ ಪೆನ್ನು. ಅವನು ನಿಂತು, ಅದನ್ನು ತೆಗೆದು ಬಿಸಿಲಿಗೆ ಹಿಡಿದು ನೋಡಿದ, ಮುಚ್ಚಳ ತೆರೆದ, ಮುಚ್ಚಿದ, ಮೆಚ್ಚಿ ತಲೆದೂಗಿ ಜೇಬಿಗಿಟ್ಟುಕೊಂಡು ನದಿಯಾಚೆಯ ಕೊವ್ವೂರಿನ ದೋಣಿಯ ಕಡೆ ನಡೆದ. ನಾನು ಅವನ ಹಿಂದೆ ಓಡಹೊರಟೆ. ಚಯನುಲುಗಾರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಬಿಡಿ ಮಾಸ್ತರೇ, ಬಿಡಿ," ಎಂದರು. ಮದುವೆ ಮನೆಯ ಯಜಮಾನನ ಹಾಗೆ ಮುಖ ಅರಳಿತ್ತು. "ಕದ್ಕೊಂಡು ಹೋಗೋ ಹಾಗೆ ಬಂದಿದೆ, ನೋಡಿದ್ರಾ?"